ಕಾರ್ಯಕ್ರಮಕ್ಕೆ ಬಾರದ ಹಿರಿಯರ ಪರವಾಗಿ: ಸ್ಥಳೀಯ ಆಡಳಿತಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹಿರಿಯ ನಾಗರಿಕರ ಒಂಟಿತನಕ್ಕೆ ಏನಾದರೂ ಮಾಡಬೇಕು ಎಂದಾಗ ಆಡಳಿತಗಳಿಗೆ ಮೊದಲು ಹೊಳೆಯುವುದು ಒಂದು ಸಭಾಂಗಣ, ಒಂದು ದಿನಾಂಕ, ಒಂದು ಆಹ್ವಾನ ಪತ್ರಿಕೆ. ನಡೆದು ಬರಬಲ್ಲವರು, ಕಿವಿ ಚೆನ್ನಾಗಿ ಕೇಳುವವರು, ಕರೆತರಲು ಯಾರಾದರೂ ಇರುವವರು ಬರುತ್ತಾರೆ. ಹಾಜರಿ ಪುಸ್ತಕ ತುಂಬುತ್ತದೆ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹಣ ಮಂಜೂರಾಗಿತ್ತೋ ಅವರು ಮನೆಯೊಳಗೇ ಉಳಿಯುತ್ತಾರೆ. ನಾವು ಕೇಳುತ್ತಿರುವುದು ಇಷ್ಟು: ಬಂದವರನ್ನು ಎಣಿಸುವುದಕ್ಕಿಂತ ಮೊದಲು ಬಾರದವರನ್ನು ಹುಡುಕಿ. ಅವರು ಯಾಕೆ ಬರುತ್ತಿಲ್ಲ ಎಂಬ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕುವ ಕೆಲಸಕ್ಕೆ ಹಣವನ್ನೂ ಜನರನ್ನೂ ಕೊಡಿ.

ಮೊದಲು ಮೂರು ಸ್ಥಿತಿಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು, ಏಕೆಂದರೆ ಮೂರಕ್ಕೂ ಪರಿಹಾರ ಬೇರೆ. ಒಬ್ಬರೇ ಇರುವುದು, ಜನಸಂಪರ್ಕ ಕಡಿಮೆ ಇರುವುದು ಹೊರಗಿನಿಂದ ಎಣಿಸಬಹುದಾದ ವಿಷಯ. ಒಂಟಿತನ ಒಳಗಿನ ನೋವು. ತುಂಬಿದ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳ ನಡುವೆ ಇರುವವರನ್ನೂ ಅದು ಕಾಡುತ್ತದೆ, ಒಬ್ಬರೇ ಇದ್ದು ನೆಮ್ಮದಿಯಾಗಿರುವವರೂ ಇದ್ದಾರೆ. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ, ಬರೀ ಜೊತೆ ಸಾಲದು. ಒಂಟಿತನದಲ್ಲಿಯೂ ಎರಡು ಬಗೆ ಇವೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವೈಸ್ 1973ರಲ್ಲೇ ಗುರುತಿಸಿದ್ದರು: ಒಡನಾಟದ ಬಳಗ ಇಲ್ಲದ ಕೊರತೆ ಒಂದು, ಮನಸ್ಸು ಬಿಚ್ಚಿ ಮಾತಾಡಬಲ್ಲ ಒಬ್ಬ ಆಪ್ತರಿಲ್ಲದ ಕೊರತೆ ಇನ್ನೊಂದು. ಸಂಗಾತಿಯನ್ನು ಕಳೆದುಕೊಂಡವರನ್ನು ಐವತ್ತು ಜನರ ಸಂಘಕ್ಕೆ ಸೇರಿಸಿದರೆ ಮೊದಲನೆಯ ಕೊರತೆ ನೀಗಬಹುದು, ಎರಡನೆಯದು ಹಾಗೇ ಉಳಿಯುತ್ತದೆ. ಸಂಘಕ್ಕೆ ಸೇರಿಸಿದ ಮೇಲೂ ಇವರು ಯಾಕೆ ಮಂಕಾಗಿದ್ದಾರೆ ಎಂಬ ಪ್ರಶ್ನೆಗೆ ಬಹಳ ಸಲ ಉತ್ತರ ಇದೇ.

ಇದು ಬರೀ ಮನಸ್ಸಿನ ಬೇಸರದ ವಿಷಯವೂ ಅಲ್ಲ. 2015ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರಲ್ಲಿ ಸಂಪರ್ಕವಿಲ್ಲದೆ ಬದುಕುವವರಲ್ಲಿ ಸಾವಿನ ಸಂಭವ ಶೇಕಡ 29ರಷ್ಟು, ಒಂಟಿತನ ಅನುಭವಿಸುವವರಲ್ಲಿ ಶೇಕಡ 26ರಷ್ಟು ಹೆಚ್ಚು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾಮಾಜಿಕ ಸಂಪರ್ಕಕ್ಕೆಂದೇ ಆಯೋಗ ರಚಿಸಿತು. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಸಚಿವರೊಬ್ಬರಿಗೆ ವಹಿಸಿದವು. ದೊಡ್ಡ ಮಟ್ಟದ ತೀರ್ಮಾನಗಳು ಆಗಿವೆ. ಉಳಿದಿರುವುದು ಬೀದಿಯ ಮಟ್ಟದ ಕೆಲಸ, ಅದು ನಿಮ್ಮ ಕೈಯಲ್ಲಿದೆ.

ಹುಡುಕುವುದು ಹೇಗೆ? ವಯಸ್ಸಿನ ಪಟ್ಟಿ ಹಿಡಿದು ಎಲ್ಲರ ಮನೆಗೂ ಹೋಗುವುದು ವ್ಯರ್ಥ. ಬದುಕಿನ ಕೆಲವು ತಿರುವುಗಳಲ್ಲಿ ಮನುಷ್ಯ ಬೇಗ ಒಂಟಿಯಾಗುತ್ತಾನೆ: ಸಂಗಾತಿಯ ಸಾವು, ಆಸ್ಪತ್ರೆಯಿಂದ ಬಿಡುಗಡೆ, ವಾಹನ ಓಡಿಸುವುದನ್ನು ನಿಲ್ಲಿಸಿದ್ದು, ಬಿದ್ದು ಮೂಳೆ ಮುರಿದದ್ದು, ಜೊತೆಗಿದ್ದ ಮಗ ಅಥವಾ ಮಗಳು ದೂರ ಹೋದದ್ದು, ಕಾಯಿಲೆಯ ಸಂಗಾತಿಯನ್ನು ವರ್ಷಗಟ್ಟಲೆ ನೋಡಿಕೊಂಡು ಅವರೂ ಹೋದ ಮೇಲೆ ದಿನವಿಡೀ ಮಾಡಲು ಏನೂ ಇಲ್ಲದಂತಾದದ್ದು. ಇವುಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ದಾಖಲೆಯಲ್ಲಿ ಬರುತ್ತವೆ. ಮರಣ ನೋಂದಣಿ, ಆಸ್ಪತ್ರೆಯ ಬಿಡುಗಡೆ ಪತ್ರ, ಪಿಂಚಣಿ ಕಚೇರಿ, ಇವುಗಳಲ್ಲಿ ಯಾವುದರಿಂದಲೂ ಹಿರಿಯರ ಒಪ್ಪಿಗೆ ಪಡೆದು ಒಂದು ಹೆಸರು ಮನೆಭೇಟಿ ತಂಡಕ್ಕೆ ತಲುಪುವಂತೆ ಮಾಡಬಹುದು. ಸಾವಿನ ಮನೆಗೆ ಮೊದಲ ವಾರಗಳಲ್ಲಿ ಜನ ತಾವಾಗಿಯೇ ಬರುತ್ತಾರೆ. ಆಮೇಲೆ ಒಬ್ಬೊಬ್ಬರೇ ಕಡಿಮೆಯಾಗುತ್ತಾರೆ. ಆದ್ದರಿಂದ ತಂಡದ ಮೊದಲ ಭೇಟಿ ಆರನೆಯ ವಾರದ ಆಸುಪಾಸಿನಲ್ಲಿರಲಿ, ಮುಂದೆ ಮೂರನೆಯ, ಆರನೆಯ, ಹನ್ನೆರಡನೆಯ ತಿಂಗಳಿಗೆ. ಆಸ್ಪತ್ರೆಯಿಂದ ಬಂದವರ ಲೆಕ್ಕ ಬೇರೆ: ಅವರಿಗೆ ಎರಡು ದಿನದೊಳಗೆ ಫೋನು, ಒಂದು ವಾರದೊಳಗೆ ಭೇಟಿ.

ದಾಖಲೆಗೆ ಸಿಗದವರು ಕಣ್ಣಿಗೆ ಸಿಗುತ್ತಾರೆ. ಅಂಚೆಯವರು, ಔಷಧ ಅಂಗಡಿಯವರು, ಮೀಟರ್ ಓದುವವರು, ಬ್ಯಾಂಕಿನ ಕೌಂಟರಿನವರು ಬಾಗಿಲ ಬಳಿಯ ಬದಲಾವಣೆಯನ್ನು ಸಂಬಂಧಿಕರಿಗಿಂತ ಮೊದಲು ಕಾಣುತ್ತಾರೆ. ಜೆರ್ಸಿ ದ್ವೀಪದಲ್ಲಿ, ಫ್ರಾನ್ಸಿನಲ್ಲಿ, ಜಪಾನಿನಲ್ಲಿ ಅಂಚೆ ಸಿಬ್ಬಂದಿಯೇ ಹಿರಿಯರ ಯೋಗಕ್ಷೇಮ ವಿಚಾರಿಸುವ ಸೇವೆಗಳು ಆರಂಭವಾದದ್ದು ಇದಕ್ಕಾಗಿಯೇ. ಇವರಿಗೆ ಹೇಳಿಕೊಡಬೇಕಾದ್ದು ಹೆಚ್ಚೇನಿಲ್ಲ: ತೆಗೆಯದೆ ಬಿದ್ದಿರುವ ಟಪಾಲು, ಹಗಲಲ್ಲೂ ಮುಚ್ಚಿದ ಪರದೆ, ಎರಡು ತಿಂಗಳಿಂದ ಕೊಳ್ಳದ ಬಿಪಿ ಮಾತ್ರೆ, ಇದ್ದಕ್ಕಿದ್ದಂತೆ ಇಳಿದ ತೂಕ, ಒಗೆಯದ ಬಟ್ಟೆ. ಇವುಗಳಲ್ಲಿ ಯಾವುದನ್ನು ಕಂಡರೂ ಹೇಳಲು ಒಂದೇ ಒಂದು ಫೋನ್ ನಂಬರು ಇರಲಿ, ಅದನ್ನು ಎತ್ತಲು ಒಬ್ಬ ಮನುಷ್ಯ ಇರಲಿ. ನಾಲ್ಕು ಇಲಾಖೆಗಳ ನಾಲ್ಕು ನಂಬರು ಕೊಟ್ಟರೆ ಯಾರೂ ಫೋನು ಮಾಡುವುದಿಲ್ಲ.

ಭೇಟಿಗೆ ಹೋದವರು "ನಿಮಗೆ ಒಂಟಿತನವೇ?" ಎಂದು ನೇರವಾಗಿ ಕೇಳಿದರೆ ಬಹುತೇಕ ಹಿರಿಯರು ಇಲ್ಲ ಎನ್ನುತ್ತಾರೆ. ಮಕ್ಕಳ ಮೇಲೆ ದೂರು ಹೇಳಿದಂತಾಗುತ್ತದೆ ಎಂಬ ಅಳುಕು ಅದರ ಹಿಂದಿದೆ. ಸುತ್ತುಬಳಸಿ ಕೇಳುವ ಸಣ್ಣ ಪ್ರಶ್ನಾವಳಿಗಳಿವೆ. ಒಂಟಿತನ ಅಳೆಯುವ ಯುಸಿಎಲ್‌ಎ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಲಾಸ್ ಏಂಜಲೀಸ್) ಮಾಪನದ ಮೂರು ಪ್ರಶ್ನೆಗಳ ರೂಪ 2004ರಿಂದ ಬಳಕೆಯಲ್ಲಿದೆ: ಜೊತೆಗೆ ಯಾರೂ ಇಲ್ಲ ಅನ್ನಿಸುತ್ತದೆಯೇ, ನಿಮ್ಮನ್ನು ಹೊರಗಿಟ್ಟಂತೆ ಅನ್ನಿಸುತ್ತದೆಯೇ, ಇತರರಿಂದ ದೂರವಾಗಿದ್ದೇನೆ ಅನ್ನಿಸುತ್ತದೆಯೇ. ಅಪರೂಪಕ್ಕೆ ಎಂದರೆ 1, ಕೆಲವೊಮ್ಮೆ ಎಂದರೆ 2, ಆಗಾಗ ಎಂದರೆ 3 ಅಂಕ. ಒಟ್ಟು 6 ಅಥವಾ ಹೆಚ್ಚಾದರೆ ಗಮನ ಬೇಕು. ಸಂಪರ್ಕದ ಕೊರತೆ ಅಳೆಯಲು ಲುಬ್ಬೆನ್ ಮಾಪನದ ಆರು ಪ್ರಶ್ನೆಗಳಿವೆ. 30ಕ್ಕೆ 12ಕ್ಕಿಂತ ಕಡಿಮೆ ಬಂದರೆ ಅಪಾಯದ ಸೂಚನೆ. ಖಿನ್ನತೆಗೆ ಹಿರಿಯರಿಗೆಂದೇ ಮಾಡಿದ ಜಿಡಿಎಸ್ (ಜೀರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್) ಇದೆ, 15 ಪ್ರಶ್ನೆ, ಎಲ್ಲಕ್ಕೂ ಹೌದು ಅಥವಾ ಇಲ್ಲ ಅಷ್ಟೇ ಉತ್ತರ. 5ಕ್ಕಿಂತ ಹೆಚ್ಚು ಉತ್ತರಗಳು ಖಿನ್ನತೆಯತ್ತ ಬೆರಳು ಮಾಡಿದರೆ ವೈದ್ಯರ ಬಳಿ ಕರೆದೊಯ್ಯಬೇಕು. ಮರೆವಿನ ಕಾಯಿಲೆ ಸಾಕಷ್ಟು ಮುಂದುವರಿದವರಲ್ಲಿ ಈ ಪ್ರಶ್ನಾವಳಿ ನಂಬಲರ್ಹವಲ್ಲ. ಅಲ್ಲಿ ನೋಡಿಕೊಳ್ಳುವವರನ್ನೂ ವಿಚಾರಿಸುವ ಕಾರ್ನೆಲ್ ಮಾಪನ ಬಳಸಬೇಕು.

ಪ್ರಶ್ನಾವಳಿ ಸರಿಯಿದ್ದರೂ ಕೇಳುವ ರೀತಿ ಕೆಟ್ಟರೆ ಉತ್ತರ ಕೆಡುತ್ತದೆ. ಸೊಸೆ ಅಥವಾ ಮಗ ಪಕ್ಕದಲ್ಲಿ ಕೂತಿರುವಾಗ ಕೇಳಬಾರದು. ಮನೆಯವರೇ ಹಿರಿಯರನ್ನು ಹೊರಗಿನವರಿಂದ ದೂರವಿಡುವ, ಫೋನು ಕಿತ್ತಿಡುವ, ಪಿಂಚಣಿ ಪುಸ್ತಕ ತಮ್ಮ ಬಳಿ ಇಟ್ಟುಕೊಳ್ಳುವ ಪ್ರಕರಣಗಳು ಇರುತ್ತವೆ; ಒಬ್ಬರನ್ನೇ ಹತ್ತು ನಿಮಿಷ ಮಾತಾಡಿಸಲು ಬಿಡದ ಮನೆಯನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕು. ಟಿವಿ ಆರಿಸಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕೂತು, ಒಂದು ಮೀಟರ್ ದೂರದಿಂದ, ನಿಧಾನವಾಗಿ ಕೇಳಿ. ಹಿರಿಯರಲ್ಲಿ ಖಿನ್ನತೆ ಬಹಳ ಸಲ ದುಃಖದ ಮಾತಾಗಿ ಹೊರಬರುವುದಿಲ್ಲ. ಮೈಕೈ ನೋವು, ಹೊಟ್ಟೆ ಸರಿಯಿಲ್ಲ, ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಯಾವುದೂ ನೆನಪಿರುತ್ತಿಲ್ಲ ಎಂದು ಬರುತ್ತದೆ. "ವಯಸ್ಸಾಯ್ತಲ್ಲ" ಎಂದು ಹೇಳಿ ಕಳಿಸುವುದು ಇಲ್ಲಿ ಆಗುವ ಅತಿ ದೊಡ್ಡ ತಪ್ಪು. ಥೈರಾಯ್ಡ್ ಕೊರತೆ, ಬಿ12 ಕೊರತೆ, ರಕ್ತಹೀನತೆ, ಸೋಡಿಯಂ ಏರುಪೇರು, ಸ್ಟೀರಾಯ್ಡ್‌ನಂತಹ ಕೆಲವು ಔಷಧ, ಮದ್ಯ ಇವೆಲ್ಲವೂ ಖಿನ್ನತೆಯಂತೆಯೇ ಕಾಣಬಹುದು ಅಥವಾ ಇರುವ ಖಿನ್ನತೆಯನ್ನು ಹೆಚ್ಚಿಸಬಹುದು. ಹಾಗಾಗಿ ರಕ್ತಪರೀಕ್ಷೆ ಮತ್ತು ನುಂಗುತ್ತಿರುವ ಎಲ್ಲ ಮಾತ್ರೆಗಳ ಪರಿಶೀಲನೆ ಮೊದಲ ಹೆಜ್ಜೆ.

ಇನ್ನು, ಅವರು ಯಾಕೆ ಹೊರಗೆ ಬರುತ್ತಿಲ್ಲ ಎಂಬ ಪ್ರಶ್ನೆ. ಈ ಪತ್ರದಲ್ಲಿ ನೀವು ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಒಂಟಿತನದ ಯೋಜನೆಗಳಲ್ಲಿ ಕಿವಿ, ಕಣ್ಣು, ಮೂತ್ರಕೋಶ, ಪಾದ ಎಂಬ ಶಬ್ದಗಳೇ ಇರುವುದಿಲ್ಲ. ಹಿರಿಯರನ್ನು ಮನೆಯಲ್ಲಿ ಕಟ್ಟಿಹಾಕುವುದು ಹೆಚ್ಚಾಗಿ ಇವೇ.

ಕಿವಿ ಮಂದವಾದವರು ಗುಂಪಿನಲ್ಲಿ ಎರಡು ಸಲ "ಏನಂದಿರಿ?" ಎಂದು ಕೇಳುತ್ತಾರೆ, ಮೂರನೆಯ ಸಲ ಸುಮ್ಮನೆ ನಗುತ್ತಾರೆ, ನಾಲ್ಕನೆಯ ಸಲ ಬರುವುದನ್ನೇ ಬಿಡುತ್ತಾರೆ. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿಸಬೇಕು. ಎಷ್ಟೋ ಜನರಿಗೆ ಅಷ್ಟರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಶ್ರವಣ ಸಾಧನ ಕೊಟ್ಟರೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ಕಂದು ಬಣ್ಣದ 312 ನಂಬರಿನ ಬ್ಯಾಟರಿ ಸುಮಾರು ಒಂದು ವಾರ ಬರುತ್ತದೆ, ಕಿತ್ತಳೆ ಬಣ್ಣದ 13 ನಂಬರಿನದು ಅದಕ್ಕಿಂತ ಕೆಲವು ದಿನ ಹೆಚ್ಚು. ಸ್ಟಿಕ್ಕರ್ ಕಿತ್ತ ಮೇಲೆ ಬ್ಯಾಟರಿಯನ್ನು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು, ಏಕೆಂದರೆ ಅದು ಗಾಳಿಯ ಆಮ್ಲಜನಕದಿಂದ ಕೆಲಸ ಮಾಡುವ ಬ್ಯಾಟರಿ. ಸಂಧಿವಾತದ ಬೆರಳುಗಳಿಗೆ ಆ ಪುಟ್ಟ ಬ್ಯಾಟರಿ ಹಿಡಿಯಲು ಬರುವುದಿಲ್ಲ. ಅಂಥವರಿಗೆ ಚಾರ್ಜ್ ಮಾಡುವ ಮಾದರಿ ಕೊಡಬೇಕು. ಮೊದಲ ದಿನವೇ ಸಂತೆಯಂಥ ಗದ್ದಲಕ್ಕೆ ಹಾಕಿಕೊಂಡು ಹೋದರೆ ತಲೆನೋವು ಬಂದು ಡಬ್ಬಿಗೆ ಸೇರುತ್ತದೆ. ನಿಶ್ಶಬ್ದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆಯಿಂದ ಆರಂಭಿಸಬೇಕು. ಎರಡನೆಯ ವಾರ ಮನೆಗೆ ಹೋಗಿ ಕೊಳವೆ ಮುಚ್ಚಿದೆಯೇ, ಒತ್ತುತ್ತಿದೆಯೇ ಎಂದು ನೋಡುವವರಿಲ್ಲದಿದ್ದರೆ ಕೊಟ್ಟ ಸಾಧನ ಕಪಾಟಿನಲ್ಲೇ ಇರುತ್ತದೆ. ಮತ್ತೊಂದು ಮಾತು: ಕೂಗಿ ಮಾತಾಡಬೇಡಿ. ವಯಸ್ಸಿನಿಂದ ಮೊದಲು ಹೋಗುವುದು ತಾರ ಸ್ಥಾಯಿಯ (ಹೈ-ಪಿಚ್) ದನಿಗಳನ್ನು ಗ್ರಹಿಸುವ ಶಕ್ತಿ. ಕೂಗಿದರೆ ಮಾತು ಇನ್ನಷ್ಟು ಒಡೆದು ಕೇಳುತ್ತದೆ.

ಮೂತ್ರ ತಡೆಯಲಾಗದಿರುವುದನ್ನು ಹಿರಿಯರು ತಾವಾಗಿ ಹೇಳುವುದಿಲ್ಲ. ಹೊರಗೆ ಹೋಗುವ ದಿನ ನೀರು ಕುಡಿಯುವುದನ್ನೇ ಬಿಡುತ್ತಾರೆ, ತಲೆ ಸುತ್ತುತ್ತದೆ, ಮತ್ತೆ ಹೋಗುವುದಿಲ್ಲ. ಶೌಚಾಲಯ ಎಲ್ಲಿದೆ, ಎಷ್ಟು ಹೆಜ್ಜೆ, ಕಮೋಡ್ ಇದೆಯೇ, ಹಿಡಿಕೆ ಇದೆಯೇ ಎಂಬುದನ್ನು ಆಹ್ವಾನದಲ್ಲೇ ಬರೆಯಿರಿ. ಮೂತ್ರ ಹೆಚ್ಚಿಸುವ ಮಾತ್ರೆಯ ಸಮಯವನ್ನು ಆ ದಿನ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬಹುದು. ಮಹಿಳೆಯರಿಗೆ ಶ್ರೋಣಿ ಸ್ನಾಯುಗಳ (ಮೂತ್ರ ತಡೆಹಿಡಿಯಲು ಬಿಗಿಯುವ ಸ್ನಾಯುಗಳ) ವ್ಯಾಯಾಮ, ಒಂದು ಸಲಕ್ಕೆ ಕನಿಷ್ಠ 8 ಬಿಗಿತ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು, ಮಾಡಿಸಿದರೆ ಅನೇಕರಲ್ಲಿ ಸುಧಾರಣೆ ಕಾಣುತ್ತದೆ. ಒಂದೆರಡು ವಾರಕ್ಕೆ ಫಲ ಕಾಣದೆ ಬಿಡುವವರೇ ಹೆಚ್ಚು, ಅವಧಿಯನ್ನು ಮೊದಲೇ ಹೇಳಬೇಕು.

ಬೀಳುವ ಭಯ ಇನ್ನೊಂದು. ಒಮ್ಮೆ ಬಿದ್ದವರು ನಡೆಯುವುದನ್ನು ಕಡಿಮೆ ಮಾಡುತ್ತಾರೆ, ಕಾಲಿನ ಬಲ ಕುಗ್ಗುತ್ತದೆ, ಮತ್ತೆ ಬೀಳುತ್ತಾರೆ. ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಕಾಲಿನ ಬಲದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಇದನ್ನು ಮನೆಯಲ್ಲೇ, ಗಟ್ಟಿ ಕುರ್ಚಿಯ ಬೆನ್ನು ಹಿಡಿದು ಆರಂಭಿಸಬಹುದು. ಬೆಳೆದ ಕಾಲುಗುರು, ಆಣಿ, ಸಡಿಲ ಚಪ್ಪಲಿ ಇವನ್ನೂ ಭೇಟಿಗೆ ಹೋದವರು ನೋಡಬೇಕು. ತನ್ನ ಉಗುರನ್ನು ಬಗ್ಗಿ ತಾನೇ ಕತ್ತರಿಸಲಾಗದವರು ಎಷ್ಟೋ ಮಂದಿ.

ರಸ್ತೆ ನಿಮ್ಮದೇ ಇಲಾಖೆಯದು. ಅನೇಕ ಕಡೆ ದಾಟುವ ಸಿಗ್ನಲ್‌ಗಳನ್ನು ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಇಟ್ಟಿರುತ್ತಾರೆ. ಹಿರಿಯರಲ್ಲಿ ಹೆಚ್ಚಿನವರ ನಡಿಗೆ ಅದಕ್ಕಿಂತ ನಿಧಾನ. 0.8 ಮೀಟರ್ ವೇಗದವರಿಗೆ 12 ಮೀಟರ್ ರಸ್ತೆ ದಾಟಲು 15 ಸೆಕೆಂಡ್ ಬೇಕು, ಸಿಗ್ನಲ್ ಕೊಡುವುದು 10. ಆ ಐದು ಸೆಕೆಂಡಿಗಾಗಿ ಒಬ್ಬರು ಆಚೆ ಬದಿಯ ಗೆಳೆಯರನ್ನು ಕಾಣುವುದನ್ನೇ ಬಿಟ್ಟಿರಬಹುದು. ಪ್ರತಿ 50 ಮೀಟರಿಗೆ ಬೆನ್ನಿಗೂ ಕೈಗೂ ಆಸರೆಯಿರುವ ಒಂದು ಬೆಂಚು ಹಾಕಿಸಿ. ಕೈಯಾಸರೆ ಇಲ್ಲದ ಬೆಂಚಿನಿಂದ ಮಂಡಿನೋವಿನವರು ಏಳಲಾರರು. ವಾಹನ ವ್ಯವಸ್ಥೆ ಮಾಡುವಾಗ ಚಾಲಕರು ಗೇಟಿನ ಹೊರಗೆ ಹಾರ್ನ್ ಹೊಡೆದು ಕಾಯುವುದಲ್ಲ, ಒಳಗೆ ಬಂದು ಚಪ್ಪಲಿ ಹಾಕಿಕೊಳ್ಳಲು, ಬೀಗ ಹಾಕಲು ನೆರವಾಗಿ, ವಾಪಸ್ಸು ಬಂದಾಗ ಒಳಗಿನ ದೀಪ ಹಾಕಿ ಹೋಗಬೇಕು. ಈ ಹತ್ತು ನಿಮಿಷಕ್ಕೂ ಅವರಿಗೆ ಸಂಬಳ ಕೊಡಬೇಕು.

ಇಷ್ಟೆಲ್ಲ ಮಾಡಿದರೂ ಹೊರಗೆ ಬರಲಾಗದವರು ಇರುತ್ತಾರೆ. ಅವರಿಗೆ ಬೇಕಾದದ್ದು ತಪ್ಪದೆ ಬರುವ ಒಬ್ಬ ಮನುಷ್ಯ. ಫೋನಿನಿಂದಲೂ ಬಹಳ ಆಗುತ್ತದೆ ಎಂಬುದಕ್ಕೆ ಆಧಾರವಿದೆ. ಉತ್ತರ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಮನೆಗೆ ತುರ್ತು ಗುಂಡಿಯ ಸಾಧನ ಕೊಟ್ಟು, ವಾರಕ್ಕೆ ಎರಡು ಸಲ ಫೋನು ಮಾಡಿ ವಿಚಾರಿಸುವ ಸೇವೆ ನಡೆಯಿತು. ಅದನ್ನು ಬಳಸಿದ 18,641 ಹಿರಿಯರನ್ನು ಗಮನಿಸಿದ ವರದಿ 2002ರಲ್ಲಿ ಬಂತು. ನಿರೀಕ್ಷೆಗಿಂತ ಬಹಳ ಕಡಿಮೆ ಆತ್ಮಹತ್ಯೆಗಳಾಗಿದ್ದವು. ಆದರೆ ಸ್ಪಷ್ಟ ಲಾಭ ಕಂಡದ್ದು ಮಹಿಳೆಯರಲ್ಲಿ. ಗಂಡಸರಿಗೆ ಫೋನು ಮಾತ್ರ ಸಾಲದು, ಕೈಗೆ ಕೆಲಸ ಕೊಡುವ ದಾರಿಯೂ ಬೇಕು ಎಂದು ನಾವು ಅದರಿಂದ ತಿಳಿಯುತ್ತೇವೆ. ಅಮೆರಿಕದ ಟೆಕ್ಸಸ್‌ನಲ್ಲಿ 240 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಲ್ಪಾವಧಿ ತರಬೇತಿ ಪಡೆದ 17ರಿಂದ 23 ವಯಸ್ಸಿನ ಯುವಜನರು 4 ವಾರ ಫೋನು ಮಾಡಿದರು. ಮೊದಲ ವಾರ ಐದು ದಿನ, ಆಮೇಲೆ ಎಷ್ಟು ಸಲ ಎಂಬುದು ಎದುರಿನವರ ಇಷ್ಟ. ಒಂಟಿತನ, ಖಿನ್ನತೆ, ಆತಂಕ ಮೂರೂ ತಗ್ಗಿದವು. ಫೋನು ಮಾಡುವವರ ಕೆಲಸ ಉಪದೇಶವಲ್ಲ, ಎದುರಿನವರು ಎತ್ತಿದ ವಿಷಯವನ್ನೇ ಹಿಡಿದು ಕೇಳುತ್ತಾ ಹೋಗುವುದು. ಗಂಟೆ ಕನಿಷ್ಠ ಹನ್ನೆರಡು ಸಲ ಬಾರಿಸಲಿ. ಕುರ್ಚಿಯಿಂದ ಎದ್ದು ಬರಲು ಅಷ್ಟು ಹೊತ್ತು ಬೇಕು.

ಮನೆಭೇಟಿಯ ಸ್ವಯಂಸೇವಕರ ಜಾಲ ಕಟ್ಟುವುದಾದರೆ ಸಂಬಳದ ಸಂಯೋಜಕರೊಬ್ಬರಿಲ್ಲದೆ ಆರಂಭಿಸಬೇಡಿ, ಒಬ್ಬ ಸಂಯೋಜಕರಿಗೆ 30 ಜೋಡಿಗಿಂತ (ಒಬ್ಬ ಹಿರಿಯರು, ಒಬ್ಬ ಸ್ವಯಂಸೇವಕರು) ಹೆಚ್ಚು ಹೊರಿಸಬೇಡಿ. ಮೊದಲ ಭೇಟಿಗೆ ಸಂಯೋಜಕರೇ ಜೊತೆಗೆ ಹೋಗಿ ಪರಿಚಯಿಸಲಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, 45 ನಿಮಿಷದಿಂದ ಒಂದು ಗಂಟೆ. ಬರಲಾಗದಿದ್ದರೆ ಆ ಹೊತ್ತಿಗೆ ಮುಂಚೆಯೇ ಫೋನು ಮಾಡಬೇಕು. ಕಾದು ಕೂತು ಯಾರೂ ಬಾರದ ಮಧ್ಯಾಹ್ನ, ಯಾರೂ ಬರುವುದಿಲ್ಲವೆಂದು ಗೊತ್ತಿರುವ ಮಧ್ಯಾಹ್ನಕ್ಕಿಂತ ಹೆಚ್ಚು ನೋಯಿಸುತ್ತದೆ. ಹಣ, ಬ್ಯಾಂಕಿನ ಪಿನ್ ನಂಬರು, ಸಹಿ, ಸಾಲ ಇವುಗಳಿಗೆ ಸ್ವಯಂಸೇವಕರು ಕೈ ಹಾಕಕೂಡದು, ಉಡುಗೊರೆ ಪಡೆಯಕೂಡದು. ಬಾಗಿಲು ತೆರೆಯದಿದ್ದರೆ ಏನು ಮಾಡಬೇಕೆಂಬುದು ಮೊದಲೇ ಬರೆದಿಟ್ಟಿರಬೇಕು: ಫೋನು, ಪಕ್ಕದ ಮನೆ, ಹಿರಿಯರೇ ಹೆಸರಿಸಿದ ಸಂಬಂಧಿ, ಕೊನೆಗೆ ತುರ್ತು ಸೇವೆ, ಎಲ್ಲವೂ ಅದೇ ಗಂಟೆಯೊಳಗೆ.

ಈ ಜಾಲಗಳು ಸೋಲುವುದು ಹೆಚ್ಚಾಗಿ ಎರಡು ಕಡೆ. ಒಂದು, ಸ್ವಯಂಸೇವಕರು ಹೇಳದೆ ಕೇಳದೆ ಬಿಟ್ಟುಹೋಗುವುದು. ಈಗಾಗಲೇ ಹಲವರನ್ನು ಕಳೆದುಕೊಂಡವರಿಗೆ ಇದು ಮತ್ತೊಂದು ಅಗಲಿಕೆ. ಬಿಡುವುದಕ್ಕೆ 4 ವಾರ ಮುಂಚೆ ಹಿರಿಯರಿಗೆ ತಿಳಿಸಿ, ಹೊಸಬರನ್ನು ಎರಡು ಸಲ ಜೊತೆಗೆ ಕರೆತಂದು, ಆಮೇಲೆ ಬಿಡಬೇಕು. ಎರಡು, ಸಂಬಂಧ ಒಂದೇ ದಿಕ್ಕಿನದಾಗುವುದು. ಬರೀ ಪಡೆಯುವವರಾಗಿ ಕೂರಲು ಯಾರಿಗೂ ಇಷ್ಟವಿಲ್ಲ. ಹಿರಿಯರಿಂದ ಏನಾದರೂ ಕೇಳಿ ಪಡೆಯಿರಿ: ಹೊಲಿಗೆ, ಲೆಕ್ಕ, ಗಿಡದ ಆರೈಕೆ, ಹಳೆಯ ಪತ್ರ ಓದಿ ಹೇಳುವುದು, ಮಕ್ಕಳಿಗೆ ಓದು ಹೇಳಿಕೊಡುವುದು. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಶುರುವಾಗಿ ಹಲವು ದೇಶಗಳಿಗೆ ಹಬ್ಬಿದ ಗಂಡಸರ ಕಾರ್ಯಾಗಾರಗಳು ಬಾಳಿಕೆ ಬಂದದ್ದು ಇದರಿಂದಲೇ. ಅಲ್ಲಿ ಮರಗೆಲಸ, ರಿಪೇರಿ ಮಾಡುತ್ತಾ ಪಕ್ಕದಲ್ಲಿ ನಿಂತವರೊಡನೆ ಮಾತು ತಾನಾಗಿ ಬರುತ್ತದೆ. "ಒಂಟಿ ಹಿರಿಯರ ಕೂಟ" ಎಂದು ಫಲಕ ಹಾಕಿದರೆ ಮಾನವಂತರು ಒಳಗೆ ಕಾಲಿಡುವುದಿಲ್ಲ.

ಗುಂಪು ಮಾಡುವುದಾದರೆ 8ರಿಂದ 10 ಜನ ಸಾಕು, ಮೊದಲ ಎರಡು ತಿಂಗಳು ಹೊಸಬರನ್ನು ಸೇರಿಸದೆ ಅವರೇ ಇರಲಿ. ದೀರ್ಘಕಾಲ ಒಂಟಿಯಾಗಿದ್ದವರ ಮನಸ್ಸು ಸಣ್ಣ ಸುಳಿವುಗಳನ್ನೂ ತಿರಸ್ಕಾರವೆಂದು ಓದುತ್ತದೆ. ಒಬ್ಬರು ಗಡಿಯಾರ ನೋಡಿದರೆ ತನ್ನ ಮಾತು ಬೇಸರವಾಯಿತು ಎಂದುಕೊಳ್ಳುತ್ತಾರೆ. 2011ರ ಒಂದು ಸಮಗ್ರ ವಿಶ್ಲೇಷಣೆಯಲ್ಲಿ, ಜನರನ್ನು ಬರೀ ಒಂದೆಡೆ ಸೇರಿಸುವುದಕ್ಕಿಂತ ಈ ಯೋಚನೆಯ ಧಾಟಿಯನ್ನು ಬದಲಿಸಲು ನೆರವಾದ ಕ್ರಮಗಳೇ ಹೆಚ್ಚು ಫಲ ಕೊಟ್ಟಿದ್ದವು. ಹಾಗಾಗಿ ಗುಂಪು ನಡೆಸುವವರಿಗೆ ಇದರ ತರಬೇತಿ ಬೇಕು, ಮತ್ತು ಒಂದು ಸಲ ಬಾರದವರಿಗೆ ಅದೇ ದಿನ ಸಂಜೆ ಫೋನು ಹೋಗಬೇಕು. ವಿಡಿಯೊ ಕರೆಯ ಸಾಧನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪಾಸ್‌ವರ್ಡ್ ಕೇಳದ, ಒಂದೇ ಗುಂಡಿಯ ಸಾಧನವಿರಲಿ, ಕೆಟ್ಟರೆ ಮನೆಗೆ ಬಂದು ಸರಿಮಾಡುವವರಿರಲಿ. ಇವೆರಡೂ ಇಲ್ಲದಿದ್ದರೆ ಆ ಹಣವನ್ನು ಮನೆಭೇಟಿಗೆ ಕೊಡಿ.

ಖಿನ್ನತೆ ಬರುವ ಮುನ್ನವೇ ತಡೆಯಬಹುದೇ? ತಡೆಯಬಹುದು. ಗೋವಾದಲ್ಲಿ 60 ದಾಟಿದ, ಖಿನ್ನತೆಯ ಆರಂಭದ ಲಕ್ಷಣಗಳಷ್ಟೇ ಇದ್ದ 181 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಒಂದು ವರ್ಷದಲ್ಲಿ ಪೂರ್ಣ ಪ್ರಮಾಣದ ಖಿನ್ನತೆಗೆ ಜಾರಿದವರು ಎಂದಿನ ಆರೈಕೆ ಪಡೆದ 90 ಜನರಲ್ಲಿ 13 ಮಂದಿ, ವಿಶೇಷ ನೆರವು ಪಡೆದ 91 ಜನರಲ್ಲಿ 4 ಮಂದಿ. ನೆರವು ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಆಪ್ತ ಸಮಾಲೋಚಕರು. ಕೊಟ್ಟದ್ದು ನಾಲ್ಕು: ಸಮಸ್ಯೆ ಬಿಡಿಸುವ ಅಭ್ಯಾಸ, ನಿದ್ದೆಯ ಶಿಸ್ತು, ಸಕ್ಕರೆ ಕಾಯಿಲೆಯಂಥವನ್ನು ತಾವೇ ನೋಡಿಕೊಳ್ಳುವ ತಿಳುವಳಿಕೆ, ಸಿಗಬೇಕಾದ ವೈದ್ಯಕೀಯ ಹಾಗೂ ಸಾಮಾಜಿಕ ಸೌಲಭ್ಯ ಪಡೆಯಲು ಸಹಾಯ.

ಸಮಸ್ಯೆ ಬಿಡಿಸುವುದೆಂದರೆ, ಕಾಡುತ್ತಿರುವುದನ್ನೆಲ್ಲ ಬರೆದು, ಒಂದನ್ನು ಆರಿಸಿ, ಕಣ್ಣಿಗೆ ಕಾಣುವಷ್ಟು ಸಣ್ಣದಾಗಿ ಹೇಳಿಕೊಂಡು, ನಾಲ್ಕೈದು ದಾರಿ ಪಟ್ಟಿ ಮಾಡಿ, ಒಂದನ್ನು ಒಂದು ವಾರ ಮಾಡಿ ನೋಡುವುದು. ಇದರ ಜೊತೆಗೆ ದಿನಚರಿಗೆ ಸಣ್ಣ ಚಟುವಟಿಕೆ ಸೇರಿಸುವುದು. ಇಲ್ಲಿ ಎಡವುವುದು ಗಾತ್ರದಲ್ಲಿ. "ದಿನಾ ವಾಕಿಂಗ್ ಹೋಗಿ" ಎಂಬುದು ಖಿನ್ನರಾದವರಿಗೆ ಬೆಟ್ಟ. "ನಾಳೆ ಸಂಜೆ 5ಕ್ಕೆ ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ 5 ನಿಮಿಷ ನಿಲ್ಲೋಣ" ಎಂದರೆ ಆಗುತ್ತದೆ. ಖಿನ್ನತೆ ಅನೇಕರಲ್ಲಿ ಬೆಳಗಿನ ಹೊತ್ತು ಹೆಚ್ಚಿರುತ್ತದೆ, ಆದ್ದರಿಂದ ಮೊದಮೊದಲು ಮಧ್ಯಾಹ್ನದ ನಂತರದ ಹೊತ್ತು ಆರಿಸಿ. ಮಾಡುವ ಮುಂಚೆ, ಮಾಡಿದ ಮೇಲೆ ಮನಸ್ಸಿಗೆ 10ಕ್ಕೆ ಎಷ್ಟು ಅಂಕ ಎಂದು ಬರೆಸಿ. ಒಂದೆರಡು ಅಂಕದ ಏರಿಕೆಯನ್ನು ಅವರೇ ಕಾಗದದ ಮೇಲೆ ಕಂಡರೆ ಮುಂದಿನ ಹೆಜ್ಜೆಗೆ ಒಪ್ಪುತ್ತಾರೆ. ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾದರೆ ಆ ದಿನ ಬರುವುದಿಲ್ಲ, ಮಾಡಿದ ಮೇಲೆ ಮನಸ್ಸು ಬರುತ್ತದೆ. ನಿದ್ದೆಗೆ ನಾಲ್ಕು ನಿಯಮ: ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಂದಾಗ ಮಾತ್ರ ಮಲಗುವುದು, ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳುವುದು, ಹಾಸಿಗೆಯಲ್ಲಿರುವ ಒಟ್ಟು ಹೊತ್ತನ್ನು ನಿಜವಾಗಿ ನಿದ್ರಿಸುವ ಹೊತ್ತಿನ ಹತ್ತಿರಕ್ಕೆ ತರುವುದು, ಆದರೆ 6 ಗಂಟೆಗಿಂತ ಕಡಿಮೆ ಮಾಡದಿರುವುದು. ಕತ್ತಲಲ್ಲಿ ಎದ್ದರೆ ಬೀಳಬಹುದಾದವರಿಗೆ ಮೂರನೆಯ ನಿಯಮ ಬೇಡ. ಅವರು ದಿಂಬಿಗೊರಗಿ ಕೂತರೆ ಸಾಕು.

ಖಿನ್ನತೆ ಬಂದೇಬಿಟ್ಟಿದ್ದರೆ ಚಿಕಿತ್ಸೆಯನ್ನು ಸಾಮಾನ್ಯ ಚಿಕಿತ್ಸಾಲಯದಲ್ಲೇ ಕೊಡಿ. ಅಮೆರಿಕದಲ್ಲಿ 60 ದಾಟಿದ 1,801 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಇಂಪ್ಯಾಕ್ಟ್ ಪ್ರಯೋಗದಲ್ಲಿ, ಸಾಮಾನ್ಯ ವೈದ್ಯರ ಜೊತೆಗೆ ತರಬೇತಿ ಪಡೆದ ನರ್ಸ್ ಅಥವಾ ಮನಶ್ಶಾಸ್ತ್ರಜ್ಞರೊಬ್ಬರು ರೋಗಿಯ ಬೆನ್ನುಹತ್ತಿ ವಿಚಾರಿಸುತ್ತಿದ್ದರು. ವರ್ಷದ ಕೊನೆಗೆ ಲಕ್ಷಣಗಳು ಅರ್ಧಕ್ಕರ್ಧ ತಗ್ಗಿದವರು ಅಲ್ಲಿ ಶೇಕಡ 45, ಎಂದಿನ ಆರೈಕೆಯಲ್ಲಿ ಶೇಕಡ 19. ಖಿನ್ನತೆಯ ಮಾತ್ರೆ ಕೆಲಸ ಮಾಡಲು 4ರಿಂದ 8 ವಾರ ಬೇಕು. ಎರಡನೆಯ ವಾರಕ್ಕೇ ಪ್ರಯೋಜನವಿಲ್ಲವೆಂದು ಬಿಡುವವರನ್ನು ಆ ಹೊತ್ತಿಗೆ ಹೋಗುವ ಒಂದು ಫೋನು ಉಳಿಸಿಕೊಳ್ಳುತ್ತದೆ. ಕಡಿಮೆ ಪ್ರಮಾಣದಿಂದ ಆರಂಭಿಸಿ ನಿಧಾನ ಏರಿಸಬೇಕು. ಕೆಲವು ಮಾತ್ರೆಗಳಿಂದ ಹಿರಿಯರಲ್ಲಿ ಸೋಡಿಯಂ ಇಳಿಯುತ್ತದೆ, ಮೊದಲ ಕೆಲವು ವಾರಗಳಲ್ಲೇ ರಕ್ತ ಪರೀಕ್ಷಿಸಬೇಕು. ನಿದ್ದೆ ಮಾತ್ರೆಗಳು ಖಿನ್ನತೆಗೆ ಮದ್ದಲ್ಲ, ಬೀಳುವ ಅಪಾಯ ಹೆಚ್ಚಿಸುತ್ತವೆ. ಆದರೆ ವರ್ಷಗಳಿಂದ ನುಂಗುತ್ತಿರುವವರು ವೈದ್ಯರಿಲ್ಲದೆ ಒಮ್ಮೆಲೇ ನಿಲ್ಲಿಸಲೂಬಾರದು.

ಆತ್ಮಹತ್ಯೆಯ ಮಾತನ್ನು ಮರೆಮಾಚಬೇಡಿ. ಹಿರಿಯರಲ್ಲಿ ಪ್ರಯತ್ನಗಳು ಪ್ರಾಣ ತೆಗೆಯುವ ಪ್ರಮಾಣ ಯುವಜನರಿಗಿಂತ ಬಹಳ ಹೆಚ್ಚು. "ನಾನು ಎಲ್ಲರಿಗೂ ಭಾರ" ಎಂಬ ಮಾತು, ವಸ್ತುಗಳನ್ನು ಹಂಚಿಬಿಡುವುದು, ಊಟ ಮಾತ್ರೆ ನಿಲ್ಲಿಸುವುದು ಕಂಡರೆ "ಬದುಕು ಸಾಕು ಅನ್ನಿಸುತ್ತಿದೆಯೇ, ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ, ಹೇಗೆಂದು ಯೋಚಿಸಿದ್ದೀರಾ?" ಎಂದು ಸ್ಪಷ್ಟವಾಗಿಯೇ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಟ್ಟು ಬರಬಾರದು, ಅಂದೇ ವೈದ್ಯರಿಗೆ ತೋರಿಸಬೇಕು, ಕೂಡಿಟ್ಟ ಮಾತ್ರೆ, ಕೀಟನಾಶಕಗಳನ್ನು ಮನೆಯಿಂದ ತೆಗೆಸಬೇಕು, ಔಷಧವನ್ನು ವಾರಕ್ಕೆ ಬೇಕಾದಷ್ಟೇ ಕೊಡಿಸಬೇಕು. ಪ್ರತಿ ಸ್ವಯಂಸೇವಕರ ಕಿಸೆಯಲ್ಲೂ ಇಷ್ಟು ಸಾಲುಗಳ ಚೀಟಿ ಮತ್ತು ಆ ಪ್ರದೇಶದ ತುರ್ತು ನಂಬರು ಇರಬೇಕು. ಇದನ್ನು ಓದುತ್ತಿರುವ ನಿಮಗೇ ಹಾಗೆ ಅನ್ನಿಸುತ್ತಿದ್ದರೆ ಈಗಲೇ ಹತ್ತಿರದವರೊಬ್ಬರಿಗೆ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಮಾನ್ಯರೇ, ನಿಮ್ಮಿಂದ ನಾವು ಕೇಳುವುದು ಮೊದಲ ವರ್ಷಕ್ಕೆ ಇಷ್ಟು. ಮೂರು ತಿಂಗಳೊಳಗೆ ಒಬ್ಬ ಸಂಯೋಜಕರ ನೇಮಕ ಮತ್ತು ಒಂದು ಫೋನ್ ನಂಬರು. ಆರು ತಿಂಗಳೊಳಗೆ ಒಂದೇ ಬಡಾವಣೆಯಲ್ಲಿ, ಮನೆಯಿಂದ ಹೊರಬರದ 30 ಹಿರಿಯರ ಗುರುತು, ಪ್ರತಿಯೊಬ್ಬರಿಗೂ ಕಿವಿ, ಕಣ್ಣು, ನಡಿಗೆ, ಔಷಧ ಪರಿಶೀಲನೆ. ಇಡೀ ಊರಿಗೆ ಒಮ್ಮೆಲೇ ಹರಡಬೇಡಿ, ತೆಳುವಾಗಿ ಹರಡಿದ್ದು ಯಾರನ್ನೂ ಮುಟ್ಟುವುದಿಲ್ಲ. ಒಂಟಿತನದ ಆ ಮೂರು ಪ್ರಶ್ನೆಗಳನ್ನೂ ಜಿಡಿಎಸ್ ಅನ್ನೂ ಆರಂಭದಲ್ಲಿ, ಮೂರನೆಯ ತಿಂಗಳಲ್ಲಿ, ಹನ್ನೆರಡನೆಯ ತಿಂಗಳಲ್ಲಿ ಕೇಳಿ, ಅಂಕಗಳನ್ನು ಹೆಸರಿಲ್ಲದೆ ಪ್ರಕಟಿಸಿ. ಬಿಟ್ಟುಹೋದವರ ಸಂಖ್ಯೆಯನ್ನೂ ಕಾರಣವನ್ನೂ ಅದರಲ್ಲೇ ಬರೆಯಿರಿ. ಮುಂದಿನ ಬಜೆಟ್ಟಿಗೆ ಮುಂಚೆ ಈ ವರದಿ ಸಭೆಯ ಮುಂದೆ ಬರಲಿ. ಮನೆಭೇಟಿಯ ತರಬೇತಿ ಸಾಮಗ್ರಿ, ಬಾಗಿಲು ತೆರೆಯದಾಗಿನ ಕ್ರಮಪಟ್ಟಿ, ಸ್ವಯಂಸೇವಕರ ನಿಯಮಾವಳಿ ಇವನ್ನು ಸಿದ್ಧಪಡಿಸಿಕೊಡಲು ನಾವು ತಯಾರಿದ್ದೇವೆ.

ಇಂತಿ,
ಹಿರಿಯರ ಮನೆಭೇಟಿ ಮತ್ತು ಮಾನಸಿಕ ಆರೋಗ್ಯದ ಕೆಲಸದಲ್ಲಿ ತೊಡಗಿರುವವರು